ಚೀಟಿ ಕೇಳದೆ ಮಾತ್ರೆ ಕೊಡುವವರನ್ನು ಕೇಳುವವರಿಲ್ಲವೇ?

ಮಾನ್ಯ ಸಂಪಾದಕರೇ,

ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವ ಮೆಡಿಕಲ್‌ಗಳ ಬಗ್ಗೆ ಮೊನ್ನೆ ನೀವು ಹಾಕಿದ ವರದಿ ಓದಿ ಮೈ ಉರಿದುಹೋಯಿತು. ನಮ್ಮೂರಿಂದ ಒಂದು ದೂರೂ ಬಂದಿಲ್ಲವಂತೆ. ತಗೊಳ್ಳಿ, ಇದೇ ದೂರು.

ಹೋದ ತಿಂಗಳು ನನ್ನ ಹೆಂಡತಿಗೆ ಉರಿಮೂತ್ರ ಆಯಿತು. ಮೆಡಿಕಲ್‌ನಲ್ಲಿ ಹೇಳಿದ್ದಕ್ಕೆ ಕೌಂಟರ್ ಹುಡುಗ ಕೋಟ್ರೈಮಾಕ್ಸಜೋಲ್, ಅಂದರೆ ಸಲ್ಫಾ ಮಾತ್ರೆ, ಐದು ದಿನಕ್ಕೆ ಕತ್ತರಿಸಿ ಕೊಟ್ಟ. ಚೀಟಿ ಕೇಳಲಿಲ್ಲ. ಯಾವ ಔಷಧಿಯಾದರೂ ಮೈಗೆ ಆಗಲ್ವಾ ಅಂತಲೂ ಕೇಳಲಿಲ್ಲ. ಒಂಬತ್ತನೇ ದಿನ ಜ್ವರ, ಕಣ್ಣುರಿ, ಗಂಟಲು ನೋವು. ಮೈಮೇಲೆ ಗುಳ್ಳೆ ಕಂಡಾಗ ಅಕ್ಕಪಕ್ಕದವರು ಅಮ್ಮ ಆಗಿದೆ ಅಂದರು, ಬೇವಿನ ಸೊಪ್ಪು ಹಾಸಿ ಮಲಗಿಸಿದೆವು. ಅದೇ ಅಂಗಡಿಗೆ ಓಡಿದರೆ ಜ್ವರದ ಮಾತ್ರೆ ಜೊತೆ ಅದೇ ಸಲ್ಫಾ ಮತ್ತೆ ಮೂರು ದಿನಕ್ಕೆ ಕೊಟ್ಟ! ಬಾಯೆಲ್ಲ ಹುಣ್ಣಾಗಿ ಉಗುಳು ನುಂಗಲೂ ಆಗದೆ, ಬೆನ್ನಿನ ಚರ್ಮ ಸೀರೆಗೆ ಅಂಟಿಕೊಂಡು ಕಿತ್ತು ಬಂದಾಗ ರಾತ್ರೋರಾತ್ರಿ ಬೆಂಗಳೂರಿಗೆ ಕರೆದೊಯ್ದೆ. ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್, ಅಂದರೆ ಮಾತ್ರೆ ಮೈಗೆ ಆಗದೆ ಚರ್ಮ ಸುಲಿದು ಬರುವ ಕಾಯಿಲೆ, ಅಂದರು. ಬೆಂಕಿಯಲ್ಲಿ ಸುಟ್ಟವರ ಹಾಗೆ ಬಾಳೆ ಎಲೆ ಮೇಲೆ ಮಲಗಿಸಿದ್ದರು. ಶುರುವಿನಲ್ಲೇ ಮಾತ್ರೆ ನಿಲ್ಲಿಸಬೇಕಿತ್ತಂತೆ.

ಹದಿನೆಂಟು ದಿನ ವಾರ್ಡಿನ ಹೊರಗೆ ಮಲಗಿದ್ದೆ. ಕೊಬ್ಬರಿ ಹರಾಜಿಗೆ ಹೋಗಲಾಗಲಿಲ್ಲ, ಮಗಳ ಪರೀಕ್ಷೆ ತಪ್ಪಿತು, ಒಡವೆ ಅಡ ಇಟ್ಟೆ. ಇವತ್ತಿಗೂ ಅವಳ ಕಣ್ಣಿಗೆ ಎರಡು ಗಂಟೆಗೊಮ್ಮೆ ಡ್ರಾಪ್ಸ್ ಹಾಕಬೇಕು, ಬಿಸಿಲಿಗೆ ಬರೋಕಾಗಲ್ಲ.

ಸ್ಟ್ರಿಪ್ ಮೇಲೆ ಕೆಂಪು ಗೆರೆ ಎಳೆದಿರುವುದು ಯಾಕೆ? ಚೀಟಿ ಇಲ್ಲದೆ ಕೊಡಬಾರದು ಅಂತಲ್ಲವೇ? ಕೆಲವು ಆಂಟಿಬಯೋಟಿಕ್‌ಗಳಿಗೆ 2014ರಿಂದ ಮಾರಾಟದ ಬೇರೆ ರಿಜಿಸ್ಟರ್ ಇಡಬೇಕು, ಅದನ್ನು ಮೂರು ವರ್ಷ ಕಾಪಾಡಬೇಕು. ಯಾರು ತೆಗೆದು ನೋಡಿದ್ದಾರೆ? ಆ ಅಂಗಡಿಯ ಗೋಡೆಯಲ್ಲಿ ಫಾರ್ಮಸಿಸ್ಟ್ ಸರ್ಟಿಫಿಕೇಟ್ ತೂಗುತ್ತಿದೆ, ಆ ಫಾರ್ಮಸಿಸ್ಟ್ ಮುಖ ಹತ್ತು ವರ್ಷದಲ್ಲಿ ನಾನು ನೋಡಿಲ್ಲ. ಎರಡು ವರ್ಷದ ಹಿಂದೆ ಅವಧಿ ಮುಗಿದ ಸಿರಪ್ ಬಾಟಲಿ ಸಮೇತ ಅಧಿಕಾರಿಗಳಿಗೆ ಅರ್ಜಿ ಕೊಟ್ಟಿದ್ದೆ. ಬಾಟಲಿಯೂ ಹೋಯಿತು, ಉತ್ತರವೂ ಬರಲಿಲ್ಲ.

ಔಷಧಿಯಿಂದ ತೊಂದರೆಯಾದರೆ 1800-180-3024ಕ್ಕೆ ಪುಕ್ಕಟೆ ಫೋನ್ ಮಾಡಿ ತಿಳಿಸಬಹುದು ಅಂತ ಗೊತ್ತಾದದ್ದೇ ಆಸ್ಪತ್ರೆಯಲ್ಲಿ. ಅಧಿಕಾರಿಗಳೇ, ಪ್ರತಿ ಮೆಡಿಕಲ್ ಮುಂದೆ ಆ ನಂಬರ್ ಬರೆಸಿ. ಫಾರ್ಮಸಿಸ್ಟ್ ಕೂರಿಸಿ, ಇಲ್ಲ ಬಾಗಿಲು ಹಾಕಿಸಿ. ಏನಾದರೂ ಒಂದು ಮಾಡಿ, ಸುಮ್ನೆ ಸಂಬಳ ತಗೊಳ್ಳೋಕೆ ನಾಚಿಕೆ ಆಗಲ್ವಾ?

– ನೊಂದ ಓದುಗ, ತಿಪಟೂರು