ಪುಟ್ಟೀ, ಮೂರು ತಿಂಗಳು ತುಂಬ್ಲಿ ಅಂತ ಕಾಯ್ಬೇಡ

ಪುಟ್ಟೀ,

ನಿಮ್ಮಮ್ಮ ನಿನ್ನೆ ರಾತ್ರಿ ಫೋನ್ ಮಾಡಿ ವಿಷ್ಯ ಹೇಳಿದ್ಲು, ಕೇಳಿ ತುಂಬಾ ಖುಷಿ ಆಯ್ತು ಕಣೆ. ಆದ್ರೆ ಮುಟ್ಟು ನಿಂತು ಎರಡು ತಿಂಗಳಾದ್ರೂ ನೀನಿನ್ನೂ ಆಸ್ಪತ್ರೆ ಕಡೆ ಹೋಗಿಲ್ವಂತೆ, ಎರಡನೇದಲ್ವಾ, ಎಲ್ಲಾ ಗೊತ್ತಿರೋದೇ ಅಂತಿದೀಯಂತೆ. ಹಂಗನ್ಬೇಡಮ್ಮ.

ನಿಮ್ಮಣ್ಣ ಹೊಟ್ಟೇಲಿದ್ದಾಗ ನಾನೂ ಹಂಗೇ ಅಂದ್ಕೊಂಡಿದ್ದೆ. ಮೂರು ತಿಂಗಳು ತುಂಬೋವರ್ಗೂ ಯಾರಿಗೂ ಹೇಳ್ಬಾರ್ದು ದೃಷ್ಟಿ ಆಗುತ್ತೆ ಅಂದ್ರು ನಮ್ಮತ್ತೆ, ಅದಾದ್ಮೇಲೆ ರಾಗಿ ಕೊಯ್ಲು ಬಂತು, ಆಮೇಲೆ ಪೇಟೆಗೆ ಕರ್ಕೊಂಡು ಹೋಗೋರು ಯಾರು ಅಂತ, ಹಿಂಗೇ ಐದು ತಿಂಗಳು ಕಳೆದೋಯ್ತು. ಕೊನೆಗೆ ಹೋದಾಗ ನರ್ಸಮ್ಮ ನನ್ನ ಕೆಳರೆಪ್ಪೆ ಎಳೆದು ನೋಡಿ ಸುಮ್ನೆ ನಿಂತ್ಬಿಟ್ರು, ಬೆಳ್ಳಗೆ ಸುಣ್ಣದ ಥರ ಇತ್ತಂತೆ. ರಕ್ತ, ಅಂದ್ರೆ ಹಿಮೋಗ್ಲೋಬಿನ್, 11 ಇರ್ಬೇಕಾದ್ದು 7 ಚಿಲ್ರೆ ಇತ್ತು. ಹೆರಿಗೆ ದಿನ ಎರಡು ಬಾಟ್ಲಿ ರಕ್ತಕ್ಕೆ ನಿಮ್ಮ ದೊಡ್ಡಪ್ಪ ಬರಿಗಾಲಲ್ಲಿ ಓಡಾಡಿದ್ದು ನಂಗಿನ್ನೂ ಕಣ್ಣಿಗೆ ಕಟ್ಟಿದೆ, ಮಗು ಎರಡು ಕೆಜಿನೂ ಇರ್ಲಿಲ್ಲ. ಎರಡು ತಿಂಗಳಲ್ಲೇ ಹೋಗಿದ್ರೆ ಸರಿ ಮಾಡ್ಕೊಳ್ಳೋಕೆ ಎಷ್ಟೊಂದು ಟೈಮ್ ಇರ್ತಿತ್ತು.

ಊರೋರಿಗೆ ಹೇಳ್ದೆ ಇರು, ಅದು ನಿನ್ನಿಷ್ಟ, ನಂಗೂ ಆ ನಂಬಿಕೆ ಇದೆ. ನರ್ಸಿಗೆ ಯಾಕೆ ಮುಚ್ಚಿಡ್ತೀಯ? 12 ವಾರದೊಳಗೆ ಹೆಸರು ಬರೆಸಿ, ಚೆಕಪ್ ಎಲ್ಲಾ ಬರೆದಿಡೋ ತಾಯಿ ಕಾರ್ಡ್ ಮಾಡಿಸ್ಕೊ. ಮಗು ಬೆನ್ನುಹುರಿ ಮೆದುಳು ರೂಪ ತಗೊಳ್ಳೋದು ಮೊದಮೊದಲ ವಾರಗಳಲ್ಲೇ, ಅದಕ್ಕೇ ಫೋಲಿಕ್ ಆಸಿಡ್ ಮಾತ್ರೆ ಅಷ್ಟು ಬೇಗ ಕೊಡೋದು. ತಡ ಆಯ್ತಲ್ಲ ಅಂತ ಹೆದರ್ಬೇಡ, ಇನ್ನೂ ತಡ ಮಾಡ್ಬೇಡ ಅಷ್ಟೇ. ನಿಂದು ಮುಟ್ಟಿನ ಲೆಕ್ಕ ಮೊದ್ಲಿಂದ್ಲೂ ಏರುಪೇರು, ಈಗ್ಲೇ ಸ್ಕ್ಯಾನ್ ಮಾಡಿಸಿದ್ರೆ ಡೇಟ್ ಸರಿಯಾಗಿ ಗೊತ್ತಾಗುತ್ತೆ. ಮೊದಲನೇದು ಸಲೀಸಾಗಿ ಆಯ್ತು ಅಂದ್ರೆ ಬಿಪಿ, ಶುಗರ್, ಥೈರಾಯ್ಡ್ ಈ ಸಲನೂ ಹಂಗೇ ಇರುತ್ತೆ ಅಂತೇನಿಲ್ಲ.

ಗಾರ್ಮೆಂಟ್ಸಲ್ಲಿ ಒಂದಿನ ರಜೆ ಹಾಕಿದ್ರೆ ಸಂಬಳಾನೂ ಕಟ್, ಅಟೆಂಡೆನ್ಸ್ ಬೋನಸ್ಸೂ ಕಟ್ ಅಂತ ನಂಗೊತ್ತು, ಆ ಸಂಕಟ ಸುಳ್ಳಲ್ಲ. ಆದ್ರೆ ನಿಂಗೆ ಇಎಸ್ಐ, ಅದೇ ಕಾರ್ಮಿಕರ ವಿಮೆ, ಇದೆ, ಎರಡನೇ ಮಗುಗೂ 26 ವಾರ ಹೆರಿಗೆ ರಜೆ ಸಂಬಳ ಸಿಗುತ್ತೆ, ಪಿಎಫ್ ಇಎಸ್ಐ ನೋಡ್ಕೊಳ್ಳೋ ಎಚ್‌ಆರ್ ಹುಡುಗಿ ಹತ್ರ ಈಗ್ಲೇ ಕೇಳಿಟ್ಕೊ. ಸರ್ಕಾರಿ ಆಸ್ಪತ್ರೇಲಿ ಪ್ರತಿ ತಿಂಗಳು 9ನೇ ತಾರೀಕು ಡಾಕ್ಟ್ರೇ ಗರ್ಭಿಣಿಯರನ್ನ ನೋಡ್ತಾರೆ, ದುಡ್ಡಿಲ್ಲ, ಮುಂದಿನ ಚೆಕಪ್ಪುಗಳಿಗೆ ಅದನ್ನ ಗುರ್ತಿಟ್ಕೊ. ಈ ಮೊದಲನೇ ಸಲಕ್ಕೆ ಮಾತ್ರ 9 ಬರ್ಲಿ ಅಂತ ಕೂರ್ಬೇಡ.

ಅಳಿಯಂದ್ರಿಗೂ ನಾನೇ ಫೋನ್ ಮಾಡ್ತೀನಿ, ಅವ್ರು ಬರ್ಲಿಕ್ಕಾಗಲ್ಲ ಅಂದ್ರೆ ಪಕ್ಕದ ಮನೆ ಅಕ್ಕನ್ನ ಕರ್ಕೊಂಡು ಸೋಮವಾರ ಬೆಳಿಗ್ಗೆನೇ ಹೋಗು, ಆಧಾರ್ ಮರೀಬೇಡ, ಹಳೇ ತಾಯಿ ಕಾರ್ಡ್ ಇದ್ರೆ ಅದನ್ನೂ ತಗೊಂಡು ಹೋಗು. ಹೊಸ ಕಾರ್ಡ್ ಕೈಗೆ ಬಂದ್ ಕೂಡ್ಲೇ ಫೋಟೋ ತೆಗೆದು ವಾಟ್ಸಾಪ್ ಮಾಡು, ರಕ್ತ ಎಷ್ಟಿದೆ ಅಂತ ಬರೆದಿರೋ ಪುಟ ಕಾಣ್ಬೇಕು.

ನಿನ್ನ ದೊಡ್ಡಮ್ಮ