ಎಲ್ಲಿಂದ ಬಂತೆಂದು ಕೇಳದ ಸರಕು

ಚಿಕ್ಕಮಗಳೂರು

ಚಿ. ಸುಹಾಸನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಮನೆಯ ಸಮಾಚಾರವನ್ನೆಲ್ಲ ನಿನ್ನ ಅಪ್ಪ ಫೋನಿನಲ್ಲಿ ಹೇಳಿರುತ್ತಾನಾದ್ದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಆನ್‌ಲೈನ್ ಹರಾಜಿನಲ್ಲಿ ಹಳೆಯ ಸಾಮಾನು ಮಾರುವ ನಿನ್ನ ಉದ್ಯೋಗದ ಬಗ್ಗೆಯೂ ನನ್ನ ಆಕ್ಷೇಪವಿಲ್ಲ. ಮಾರಲು ಸರಕೇ ಸಿಗದೆ ಹೋದೀತೆಂಬ ನಿನ್ನ ಚಿಂತೆಯೂ ನನಗೆ ಅರ್ಥವಾಗುತ್ತದೆ. ಆದರೆ ಆ ಚಿಂತೆಯಿಂದ ನೀನು ಬರೆದಿರುವ ಒಂದು ವಾಕ್ಯ ನನ್ನ ನಿದ್ದೆ ಕೆಡಿಸಿದೆ. ಹಾಸನದ ಸುತ್ತಲಿನ ಹಳ್ಳಿಗಳಿಂದ ಸಾಮಾನು ತರುವ ಆ ಮನುಷ್ಯ ಗೇಣಿಗಿಂತ ತುಸು ಎತ್ತರದ ಪಂಚಲೋಹದ ಮೂರ್ತಿಯೊಂದನ್ನು ನಿನ್ನ ಕೋಣೆಯಲ್ಲಿ ಇಟ್ಟುಹೋಗಿದ್ದಾನೆ ಎಂದು ತಿಳಿಸಿ, "ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ, ಕೇಳಿದರೆ ಬೇರೆಯವರಿಗೆ ಕೊಟ್ಟುಬಿಡುತ್ತಾನೆ" ಎಂದಿದ್ದೀಯೆ.

ನೀನು ಜೊತೆಗಿಟ್ಟಿದ್ದ ಫೋಟೊವನ್ನು ಭೂತಗನ್ನಡಿ ಹಿಡಿದು ನೋಡಿದೆ. ಪೀಠದ ಎರಡು ಪಕ್ಕಗಳಲ್ಲಿ ಬಳೆಯಂಥ ಕಿವಿಗಳಿವೆ. ಉತ್ಸವಮೂರ್ತಿಯನ್ನು ಅಡ್ಡೆಯ ಮೇಲೋ ಪಲ್ಲಕ್ಕಿಯಲ್ಲೋ ಕೂರಿಸಿ ಹಗ್ಗ ಬಿಗಿಯುವುದು ಅಂಥ ಕಿವಿಗಳಿಗೇ. ದೇವರಮನೆ ಬಿಟ್ಟು ಹೊರಗೆ ಹೋಗದ ಮೂರ್ತಿಗೆ ಅವು ಏಕೆ ಬೇಕು? ಎಡತೋಳಿನ ಸಂದಿಯಲ್ಲಿ ಒಣಗಿದ ಗಂಧ ಇನ್ನೂ ಹಾಗೆಯೇ ಇದೆ. ಅಟ್ಟದಲ್ಲಿ ಧೂಳು ತಿಂದುಕೊಂಡು ಬಿದ್ದಿದ್ದ ಸಾಮಾನು ಇದೆಂದು ಅವನು ಹೇಳಿದ್ದರೆ ಅದು ನನಗೆ ನಂಬುವ ಮಾತಾಗಿ ಕಾಣುವುದಿಲ್ಲ.

ಇಬೇ ಎಂಬ ಆನ್‌ಲೈನ್ ಹರಾಜಿನ ಕಂಪನಿಯ ಭಾರತದ ತಾಣ 2018ರಲ್ಲಿ ಮುಚ್ಚಿದ ಮೇಲೆ ನಮ್ಮವರು ಅದರ ಹೊರದೇಶದ ತಾಣದಲ್ಲಿ ಮಾರುವುದು ಹೊರದೇಶದ ಗಿರಾಕಿಗಳಿಗೆ ಎಂದು ಹಿಂದೊಮ್ಮೆ ನೀನೇ ವಿವರಿಸಿದ್ದೆ. ನನ್ನ ಭಯ ಇಮ್ಮಡಿಯಾಗುವುದು ಅಲ್ಲಿಯೇ. ಪ್ರಾಚ್ಯವಸ್ತುಗಳಿಗಾಗಿಯೇ 1972ರಲ್ಲಿ ಮಾಡಿದ ಕಾಯಿದೆಯೊಂದಿದೆ, ಅದು ಜಾರಿಗೆ ಬಂದದ್ದು 1976ರಲ್ಲಿ. ನೂರು ವರ್ಷಕ್ಕೆ ಕಡಿಮೆಯಿಲ್ಲದ ವಿಗ್ರಹ, ನಾಣ್ಯ, ಚಿತ್ರ, ಕಟ್ಟಡದಿಂದ ಕಿತ್ತ ಕೆತ್ತನೆ, ಹಾಗೆಯೇ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ, ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಇವುಗಳ ವ್ಯಾಪಾರಕ್ಕೆ ದೇಶದೊಳಗೂ ಲೈಸೆನ್ಸ್ ಬೇಕು. ಹೊರದೇಶಕ್ಕೆ ಕಳಿಸುವ ಹಕ್ಕಂತೂ ಕೇಂದ್ರ ಸರ್ಕಾರಕ್ಕೆ ಮತ್ತು ಅದು ಅಧಿಕಾರ ಕೊಟ್ಟ ಸಂಸ್ಥೆಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ. ಮೀರಿದವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಸೆರೆವಾಸ. ತಮಿಳುನಾಡಿನ ಶ್ರೀಪುರಂದಾನದ ದೇವಾಲಯದಿಂದ ಕಳುವಾದ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಕೊಂಡದ್ದು ಕಾಗದಪತ್ರಗಳನ್ನು ನೋಡಿಯೇ. ಆ ಕಾಗದಗಳೇ ಸುಳ್ಳಾಗಿದ್ದವು, 2014ರಲ್ಲಿ ಮೂರ್ತಿ ಮರಳಿ ಬಂತು. ನಿನ್ನ ಬಳಿ ಸುಳ್ಳು ಕಾಗದವೂ ಇಲ್ಲವಲ್ಲ ಮಗು.

ನಾನು ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿನ ಗೇಟಿನ ಲೆಕ್ಕಪುಸ್ತಕ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೇ, ಅಂದರೆ ಅದರ ಒಟ್ಟು ಸಂಗ್ರಹಕ್ಕೇ, ಕೊಡಬೇಕಾಗಿತ್ತು. ಎಲ್ಲರ ಬೀಜವೂ ಕೂಡಿ, ಪೀಬೆರಿ, ಎ, ಬಿ ಎಂದು ದರ್ಜೆಯಾಗಿ ಹರಾಜಿಗೆ ಹೋಗುತ್ತಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ಹರಾಜಿನಲ್ಲಿ ಕೂಗುವವನಿಗೆ ಅದು ಮೂಡಿಗೆರೆಯ ಯಾವ ತೋಟದ್ದು, ಕೊಪ್ಪದ ಯಾವ ತೋಟದ್ದು ಎಂಬುದು ತಿಳಿಯುತ್ತಿರಲಿಲ್ಲ. ಚೆನ್ನಾಗಿ ಬೆಳೆದವರಿಗೆ ಅದೊಂದು ದೊಡ್ಡ ಸಂಕಟವೇ ಆಗಿತ್ತು. 1996ರ ಹೊತ್ತಿಗೆ ಆ ಕಟ್ಟು ಪೂರ್ತಿ ಸಡಿಲವಾಯಿತು, ಆ ಮಾತು ಬಿಡು. ನಾನು ಹೇಳಹೊರಟದ್ದು ಗೇಟಿನ ವಿಷಯ. ಒಳಗೆ ಹೋದ ಮೇಲೆ ಎಲ್ಲವೂ ಕಲೆತುಹೋಗುವುದರಿಂದಲೇ ಗೇಟಿನಲ್ಲಿ ಯಾರದು, ಎಲ್ಲಿಯದು, ಎಷ್ಟು ತೂಕ ಎಂದು ಬರೆಯದೆ ಒಂದು ಮೂಟೆಯನ್ನೂ ಒಳಗೆ ಬಿಡುತ್ತಿರಲಿಲ್ಲ.

ಆಗ ನನ್ನ ಜೊತೆ ಓದಿದವನೊಬ್ಬ ಪೇಟೆಯ ಹೊರಗೆ ಸಣ್ಣ ದಿನಸಿ ಅಂಗಡಿ ಇಟ್ಟಿದ್ದ. ಕೊಯ್ಲಿನ ದಿನಗಳಲ್ಲಿ ಕತ್ತಲಾದ ಮೇಲೆ ಯಾರ ಯಾರದೋ ಕಣದಿಂದ ಬಾಚಿ ತಂದ ಕಾಫಿ ಹಣ್ಣನ್ನು, ಅಂದರೆ ಚೆರಿಯನ್ನು, ಸೇರಿನ ಲೆಕ್ಕದಲ್ಲಿ ಕೊಳ್ಳುತ್ತಿದ್ದ. ಕದ್ದವನು ನಾನಲ್ಲವಲ್ಲ, ತಂದವನನ್ನು ಕೇಳುವುದು ನನ್ನ ಕೆಲಸವಲ್ಲ ಎಂಬುದು ಅವನ ವಾದ. ಪೊಲೀಸರು ಬಂದ ದಿನ ತಂದವರಲ್ಲಿ ಒಬ್ಬನೂ ಊರಿನಲ್ಲಿರಲಿಲ್ಲ, ಮೂಟೆಗಳಿದ್ದದ್ದು ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಕೋರ್ಟಿನ ಅಲೆದಾಟದಲ್ಲಿ ಅಂಗಡಿ ಹೋಯಿತು. ಆಮೇಲೆ ಅವನು ನಮ್ಮ ಮನೆಯ ಕಡೆಗೆ ಬರಲೇ ಇಲ್ಲ. ಅವನ ಜಗಲಿಯ ಇಸ್ಪೀಟಿನ ಸಂಜೆಗಳು ಹಾಗೆ ಮುಗಿದುಹೋದದ್ದು ಇಂದಿಗೂ ನನಗೆ ಕೊರಗು. ಕಳವಿನ ಮಾಲೆಂದು ಗೊತ್ತಿದ್ದವನನ್ನಷ್ಟೇ ಅಲ್ಲ, ಹಾಗೆಂದು ನಂಬಲು ಕಾರಣವಿದ್ದವನನ್ನೂ ಕಾನೂನು ಹಿಡಿಯುತ್ತದೆ. ಹಿಂದಿನ ದಂಡಸಂಹಿತೆಯ 411ನೆಯ ಕಲಮಿನಲ್ಲಿದ್ದ ಆ ಮಾತು ಈಗಿನ ನ್ಯಾಯಸಂಹಿತೆಯ 317ರಲ್ಲಿಯೂ ಇದೆ. ಕೇಳಿದರೆ ಸರಕು ಕೈತಪ್ಪುತ್ತದೆ ಎಂದು ಲೆಕ್ಕ ಹಾಕಿ ಸುಮ್ಮನಾದವನಿಗೆ ಅನುಮಾನವೇ ಇರಲಿಲ್ಲವೆಂದರೆ ಯಾರು ಒಪ್ಪುತ್ತಾರೆ? ಆ ಲೆಕ್ಕವನ್ನು ನೀನು ನಿನ್ನ ಕೈಯಾರೆ ನನಗೆ ಬರೆದು ಕಳಿಸಿದ್ದೀಯೆ.

ಹಾಗಾದರೆ ಸರಕನ್ನು ಎಲ್ಲಿಂದ ತರಲಿ ಎಂದು ನೀನು ಕೇಳಬಹುದು. ಮೌಸ್ ಹಿಡಿಯಲೂ ಬಾರದ ನಾನು ಹೇಳುವುದು ನಿನಗೆ ನಗೆ ತರಿಸೀತು. ನಿನ್ನ ಅಜ್ಜಿ ನಮ್ಮ ಅಟ್ಟದ ಹಿತ್ತಾಳೆ ತಾಮ್ರವನ್ನೆಲ್ಲ ಬೀದಿಯಲ್ಲಿ ಬಂದ ಪಾತ್ರೆಯವನಿಗೆ ತೂಕಕ್ಕೆ ಹಾಕಿ ಸ್ಟೀಲಿನ ಡಬ್ಬಿಗಳನ್ನು ತೆಗೆದುಕೊಂಡಳು. ಅದರಲ್ಲಿ ಮುದ್ರೆಯೊತ್ತಿದ ಸೇರು, ಪಾವು, ಚಟಾಕುಗಳ ಒಂದು ಜೊತೆ ಇತ್ತು. ಅದನ್ನು ಆಗ ಉಳಿಸಿಕೊಳ್ಳಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. 1956ರ ಕಾಯಿದೆಯಿಂದ ಮೆಟ್ರಿಕ್ ಅಳತೆ ಬಂದ ಮೇಲೆ ಬಳಕೆ ತಪ್ಪಿದ ಇಂಥ ಅಳತೆಗಳು, ಕೈಯಲ್ಲಿ ತಿರುಗಿಸುವ ಕಾಫಿ ಬೀಸುವ ಯಂತ್ರಗಳು, ಹಿತ್ತಾಳೆಯ ಫಿಲ್ಟರುಗಳು ಈಗಲೂ ಕೆಲವು ಮನೆಗಳಲ್ಲಿವೆ. ಮನೆಯ ಯಜಮಾನರ ಎದುರಿಗೇ ಕೊಂಡು, ಸಾಮಾನು ಅಲ್ಲಿರುವಾಗಲೇ ಫೋಟೊ ತೆಗೆದು, ಅವರ ಸಹಿಯಿರುವ ಒಂದು ಚೀಟಿ ಬರೆಸಿಕೊಂಡರೆ ಸಾಕೆಂದು ನನಗೆ ತೋರುತ್ತದೆ. ಇಸವಿಯ ಮುದ್ರೆ ಇದ್ದರೆ ಅದನ್ನೂ ಬರೆದುಕೊ. ಬೆಲೆಯ ವಿಷಯದಲ್ಲಿ, ಮಾರುವವರು ಕೇಳಿದ ಬೆಲೆಗಿಂತ ನಿಜವಾಗಿ ಮಾರಾಟವಾದ ಬೆಲೆಗಳನ್ನು ನೋಡು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಭಾರದ ಸಾಮಾನಿಗೆ ಅಂಚೆಯ ಖರ್ಚೇ ಲಾಭ ನುಂಗುತ್ತದೆ ಎಂಬುದೂ ನಿನಗೆ ಗೊತ್ತಿರುತ್ತದೆ. ಹಳೆಯ ತೊಟ್ಟಿಮನೆಗಳಲ್ಲಿ ಗೋಡೆಗೆ ಹೊಡೆದಿರುವ ಕಡವೆಯ ಕೊಂಬನ್ನೂ, ದಂತದ ಸಾಮಾನನ್ನೂ ಯಾರಾದರೂ ಪುಕ್ಕಟೆ ಕೊಟ್ಟರೂ ಮುಟ್ಟಬೇಡ. ವನ್ಯಜೀವಿ ಕಾಯಿದೆಯೂ ಅದೇ 1972ರದ್ದು. ಬೀಟೆಯ ಪೆಟ್ಟಿಗೆಯನ್ನು ಹೊರದೇಶಕ್ಕೆ ಕಳಿಸಲೂ ನಿರ್ಬಂಧಗಳಿವೆ, ವಿಚಾರಿಸಿಯೇ ಮುಂದುವರಿ. ನೂರು ವರ್ಷವಾಗಿದೆಯೋ ಇಲ್ಲವೋ ಎಂಬ ಅನುಮಾನದ ವಸ್ತುವನ್ನು ಪುರಾತತ್ವ ಇಲಾಖೆಗೆ ತೋರಿಸಿ, ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆಯುವ ದಾರಿಯಿದೆ.

ಇದರಿಂದ ತಿಂಗಳಿಗೆ ನಿನಗೆ ಸಿಗುವ ಸರಕು ಕಡಿಮೆಯಾಗುತ್ತದೆ ಎಂಬುದನ್ನು ಬಲ್ಲೆ. ಆದರೂ ಆ ಮೂರ್ತಿಯ ಮಾತಿಗೇ ಮತ್ತೆ ಬರುತ್ತೇನೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಒಂದು ಬೀಗದ ಹೊರತು ಬೇರೆ ಕಾವಲಿಲ್ಲದ ಗುಡಿಗಳು ಎಷ್ಟಿವೆಯೆಂದು ನಿನಗೆ ಗೊತ್ತು. ಎಲ್ಲೋ ಒಂದು ಊರಿನವರು ಈಗಾಗಲೇ ಠಾಣೆಗೆ ಹೋಗಿರಬಹುದು. ಹರಾಜಿಗೆ ಹಾಕಿದ್ದರೆ ಇಂದೇ ತೆಗೆದುಹಾಕು. ಅದನ್ನು ತೊಳೆಯಬೇಡ, ಉಜ್ಜಬೇಡ. ಪೀಕಲಾಟ ತಪ್ಪಿತೆಂದು ಆ ಮನುಷ್ಯನಿಗೇ ಹಿಂದಕ್ಕೆ ಕೊಡುವುದು ಸರಿಯಲ್ಲ, ಕೊಟ್ಟರೆ ಅದು ಇನ್ನೊಬ್ಬರ ಕೋಣೆಗೆ ಹೋಗುತ್ತದೆ. ಅವನು ಬಂದ ದಿನ, ಕೇಳಿದ ಹಣ, ಅವನ ಫೋನ್ ನಂಬರು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡು. ನನಗೆ ಪರಿಚಯದ ವಕೀಲರೊಬ್ಬರು ಹಾಸನದಲ್ಲಿದ್ದಾರೆ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ, ಅವರನ್ನು ಕರೆದುಕೊಂಡು ಮೂವರೂ ಠಾಣೆಗೆ ಹೋಗೋಣ. ನಿನ್ನ ಅಪ್ಪನಿಗೆ ನಾನು ಇನ್ನೂ ಹೇಳಿಲ್ಲ, ಅದನ್ನು ನೀನೇ ಹೇಳಿದರೆ ಒಳ್ಳೆಯದು.

ಇತಿ,
ನಿನ್ನ ದೊಡ್ಡಪ್ಪ