ತೆರೆದು ನೋಡದೆ ಬೀಗ ಹಾಕಿದ ಕಂಪನಿಗೆ ಒಂದು ದೂರು

ಗೆ,
ಕುಂದುಕೊರತೆ ಅಧಿಕಾರಿಗಳು,
ಬೆಂಗಳೂರು ಕಚೇರಿ

ವಿಷಯ: ನನ್ನ ಕ್ಲೌಡ್ ಖಾತೆಯನ್ನು ಸುಳ್ಳು ಕಾಪಿರೈಟ್ ದೂರಿನ ಮೇಲೆ ಪೂರ್ತಿ ಬಂದ್ ಮಾಡಿರುವುದು, ರಿಕವರಿ ಕೀ ಕೇಳಿದ್ದು ಮತ್ತು ನಿಮ್ಮ ಸಿಬ್ಬಂದಿಯ ವರ್ತನೆ

ಮಾನ್ಯರೇ,

ಫೋನ್ ಮಾಡಿ ಆಯಿತು. ಚಾಟ್‌ನಲ್ಲಿ ಕೇಳಿ ಆಯಿತು. ಮೇಲ್ ಮೇಲೆ ಮೇಲ್ ಹಾಕಿ ಆಯಿತು. ಇಷ್ಟು ದಿನ ಮರ್ಯಾದೆಯಿಂದಲೇ ಕೇಳಿಕೊಂಡು ಬಂದೆ. ಆದರೆ ನಿನ್ನೆ ನಿಮ್ಮಿಂದ ಬಂದ ಉತ್ತರ ನೋಡಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. 'ನಿಮ್ಮ ಖಾತೆಯಲ್ಲಿರುವ ವಿಷಯವನ್ನು ನಮ್ಮ ತಂಡ ಪರಿಶೀಲಿಸಿದೆ. ಕಾಪಿರೈಟ್ ಉಲ್ಲಂಘನೆ ಖಚಿತವಾಗಿದೆ. ಈ ತೀರ್ಮಾನ ಅಂತಿಮ' ಎಂದು ಬರೆದಿದ್ದೀರಿ.

ಪರಿಶೀಲಿಸಿದ್ದು ಏನನ್ನು? ಹೇಗೆ?

ನಿಮ್ಮ ಸೇವೆಗೆ ನಾನು ದುಡ್ಡು ಕೊಟ್ಟು ಸೇರಿದ್ದೇ ನೀವು ಕೊಟ್ಟ ಒಂದು ಮಾತು ನಂಬಿ. ಫೈಲು ನನ್ನ ಕಂಪ್ಯೂಟರ್‌ನಲ್ಲೇ ಎನ್‌ಕ್ರಿಪ್ಟ್ ಆಗಿ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬದಲಾಗಿ, ನಿಮ್ಮ ಸರ್ವರ್‌ಗೆ ಬರುತ್ತದೆ, ಕೀ ನನ್ನ ಹತ್ತಿರವೇ ಇರುತ್ತದೆ, ನೀವು ಬಯಸಿದರೂ ಒಳಗೆ ಏನಿದೆ ಅಂತ ನೋಡಲು ಸಾಧ್ಯವಿಲ್ಲ ಅಂದಿದ್ದಿರಿ. ಇದು ನಿಜವಾದರೆ ನಿಮ್ಮ ತಂಡ ನನ್ನ ಖಾತೆಯನ್ನು ಪರಿಶೀಲಿಸಿಲ್ಲ, ಮೇಲ್‌ನಲ್ಲಿ ಬರೆದದ್ದು ಸುಳ್ಳು. ಮೇಲ್ ನಿಜವಾದರೆ ಇಷ್ಟು ವರ್ಷ ಜಾಹೀರಾತಿನಲ್ಲಿ ಹೇಳಿದ್ದು ಸುಳ್ಳು. ಎರಡರಲ್ಲಿ ಯಾವುದು ಸುಳ್ಳು ಎಂದು ಮೊದಲು ಲಿಖಿತವಾಗಿ ತಿಳಿಸಿ.

ನಾನು ಹೊಸನಗರ ತಾಲ್ಲೂಕಿನಲ್ಲಿ ಒಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ನಡೆಸುತ್ತೇನೆ. ಒಬ್ಬಳೇ. ನೀವು ಬಂದ್ ಮಾಡಿರುವ ಖಾತೆಯಲ್ಲಿ ಎರಡು ಬಗೆಯ ಫೈಲುಗಳಿವೆ. ಒಂದು, ಸುತ್ತಲ ಹಳ್ಳಿಯವರು ನಂಬಿ ಇಡಲು ಹೇಳಿದ ಕಾಗದಗಳ ಸ್ಕ್ಯಾನ್. ಪಹಣಿ, ಜಾತಿ ಪ್ರಮಾಣಪತ್ರ, ಬಗರ್‌ಹುಕುಂ ಅರ್ಜಿಯ ಪ್ರತಿ. ಶರಾವತಿ ಮುಳುಗಡೆಯವರ ಹಳೆ ಆದೇಶದ ಹಾಳೆಗಳೂ ಇವೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ಕಾಲದ ಕಾಗದ ಇಂದಿಗೂ ಹಿಡಿದುಕೊಂಡು ಹಕ್ಕುಪತ್ರಕ್ಕೆ ಅಲೆಯುವ ಮನೆಗಳು ಇಲ್ಲಿವೆ. ಮಲೆನಾಡಿನ ಮಳೆಗಾಲದಲ್ಲಿ ಮರದ ಪೆಟ್ಟಿಗೆಯಲ್ಲಿಟ್ಟ ಹಾಳೆ ಉಳಿಯುವುದಿಲ್ಲ. ಬೂಸ್ಟು ಹಿಡಿಯುತ್ತದೆ, ಇಲ್ಲ ಗೆದ್ದಲು ತಿನ್ನುತ್ತದೆ. ಅದಕ್ಕೇ ಸ್ಕ್ಯಾನ್ ಮಾಡಿ ಇಟ್ಟಿದ್ದು. ಬೇರೆಯವರ ಕಾಗದ ಅನ್ನುವ ಕಾರಣಕ್ಕೇ ಅಗ್ಗದ ಸೇವೆ ಬಿಟ್ಟು ನಿಮ್ಮ ಎನ್‌ಕ್ರಿಪ್ಟೆಡ್ ಸೇವೆಗೆ ಜಾಸ್ತಿ ದುಡ್ಡು ಕೊಟ್ಟಿದ್ದು. ಈ ಫೋಲ್ಡರುಗಳನ್ನು ನಾನು ಯಾರಿಗೂ ಶೇರ್ ಮಾಡಿಲ್ಲ.

ಇನ್ನೊಂದು, ಹಾಡು. ದೀಪಾವಳಿಯಲ್ಲಿ ನಮ್ಮ ಕಡೆ ಅಂಟಿಗೆ ಪಂಟಿಗೆ ಬರುತ್ತದೆ. ದೀಪ ಹಿಡಿದು ರಾತ್ರಿಯಿಡೀ ಮನೆಯಿಂದ ಮನೆಗೆ ಹಾಡುತ್ತಾ ಹೋಗುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಹಾಡು ಯಾವುದೂ ಪುಸ್ತಕ ನೋಡಿ ಕಲಿತದ್ದಲ್ಲ. ನಮ್ಮೂರ ತಂಡದಲ್ಲಿ ಮುಂದೆ ನಿಂತು ಹಾಡಿಕೊಡುವವರು ನನ್ನ ದೊಡ್ಡಪ್ಪ. ಅವರ ತಂಡದ ಹಾಡುಗಳನ್ನು ವರ್ಷ ವರ್ಷ ನಾನೇ ಜೊತೆಗೆ ನಡೆದು ರೆಕಾರ್ಡ್ ಮಾಡಿದ್ದೇನೆ. ಎಲ್ಲರ ಒಪ್ಪಿಗೆ ಇತ್ತು. ಬೆಂಗಳೂರು, ಮಂಗಳೂರು ಸೇರಿದ ಊರಿನ ಹುಡುಗರು ಕಲಿಯಲಿ ಅಂತ ಆ ಒಂದು ಫೋಲ್ಡರಿನ ಲಿಂಕ್ ಮಾತ್ರ ತಂಡದ ವಾಟ್ಸಾಪ್ ಗುಂಪಿಗೆ ಹಾಕಿದೆ. ಯಾವುದೋ ಆಡಿಯೋ ಸಂಸ್ಥೆ ಅದರ ಮೇಲೆ ದೂರು ಕೊಟ್ಟಿತಂತೆ. ಸಂಸ್ಥೆಯ ಹೆಸರನ್ನೂ ನೀವು ಹೇಳುತ್ತಿಲ್ಲ, ದೂರಿನ ಪ್ರತಿಯನ್ನೂ ಕೊಡುತ್ತಿಲ್ಲ.

ಈಗ ನಿಮ್ಮ ಸಿಬ್ಬಂದಿ ಮಾಡಿದ ಫೋನ್ ಕರೆಯ ಬಗ್ಗೆ. ನೀವು ಅದನ್ನು ರೆಕಾರ್ಡ್ ಮಾಡಿಕೊಂಡಿದ್ದೀರಿ. 'ಗುಣಮಟ್ಟಕ್ಕಾಗಿ ಈ ಕರೆಯನ್ನು ದಾಖಲಿಸಲಾಗುತ್ತಿದೆ' ಎಂದು ಶುರುವಿನಲ್ಲೇ ಹೇಳಿತು. ಈ ಪತ್ರ ಪಕ್ಕದಲ್ಲಿಟ್ಟುಕೊಂಡು ಆ ರೆಕಾರ್ಡಿಂಗ್ ಕೇಳಿ.

ಕರೆ ಬಂದಾಗ ಅಂಗಡಿ ತುಂಬಾ ಜನ ಇದ್ದರು. ಸ್ಕಾಲರ್‌ಶಿಪ್ ಅರ್ಜಿಗೆ ಬಂದ ಮಕ್ಕಳು, ಇ-ಕೆವೈಸಿಗೆ ಬಂದ ರೈತರು. ಹೊರಗೆ ಮಳೆ, ಕರೆಂಟ್ ಇಲ್ಲ, ಯುಪಿಎಸ್ ಕೂಗುತ್ತಿತ್ತು. ನಮ್ಮ ಅಂಗಡಿಯಲ್ಲಿ ನೆಟ್‌ವರ್ಕ್ ಸಿಗುವುದು ಕಿಟಕಿ ಕಟ್ಟೆಯ ಮೇಲೆ ಮಾತ್ರ. ಫೋನನ್ನು ಅಲ್ಲಿಟ್ಟು ಸ್ಪೀಕರ್ ಹಾಕಿಯೇ ಮಾತನಾಡಬೇಕು. ಹಾಗಂತ ನಿಮ್ಮವರಿಗೆ ಹೇಳಿದೆ, ಅರ್ಧ ಗಂಟೆ ಬಿಟ್ಟು ಮಾಡಿ ಎಂದು ಕೇಳಿಕೊಂಡೆ. ಆಗಲ್ಲ, ಈಗ ಮಾತನಾಡದಿದ್ದರೆ ಟಿಕೆಟ್ ಕ್ಲೋಸ್ ಆಗುತ್ತದೆ ಎಂದರು. ದೊಡ್ಡಪ್ಪ ಪಿಂಚಣಿ ವಿಚಾರಕ್ಕೆ ಬಂದು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು.

"ಮೇಡಂ, ಹಾಡಿನ ಓನರ್ ಯಾರು?"

"ಜನಪದ ಹಾಡು ಸರ್. ಅದಕ್ಕೆ ಓನರ್ ಅಂತ ಯಾರೂ ಇಲ್ಲ. ರೆಕಾರ್ಡಿಂಗ್ ನನ್ನದು."

"ಓನರ್ ಇಲ್ಲ ಅಂದ್ರೆ ನಿಮಗೂ ಹಕ್ಕಿಲ್ಲ ಅಂತಾಯ್ತಲ್ಲ ಮೇಡಂ."

ನಾನು ಉತ್ತರ ಕೊಡುವಷ್ಟರಲ್ಲಿ ದೊಡ್ಡಪ್ಪ ಎದ್ದು ಕಿಟಕಿ ಹತ್ತಿರ ಬಂದರು. "ತಮ್ಮಾ, ಆ ಹಾಡು ಹಾಡಿದ್ದು ನಾನು."

"ಯಾರದು ಮಾತಾಡ್ತಿರೋದು? ಅಕೌಂಟ್ ಹೋಲ್ಡರಾ?"

"ಅಲ್ಲ ಸರ್, ಹಾಡಿದವರು. ನಮ್ಮ ದೊಡ್ಡಪ್ಪ."

"ಅವರದ್ದೇ ಹಾಡು ಅನ್ನೋದಕ್ಕೆ ಸರ್ಟಿಫಿಕೇಟ್ ಇದೆಯಾ?"

"ಅಪ್ಪಯ್ಯ ಹೇಳಿಕೊಟ್ಟಿದ್ದು ತಮ್ಮಾ. ಅದಕ್ಕೆ ಸರ್ಟಿಫಿಕೇಟ್ ಎಂತಕ್ಕೆ? ಹಾಡ್ತೀನಿ, ಕೇಳು."

ದೊಡ್ಡಪ್ಪ ಎಡಗೈಯನ್ನು ಕಿವಿಗೆ ಕೊಟ್ಟುಕೊಂಡು ಕಿಟಕಿ ಕಟ್ಟೆಗೆ ಬಗ್ಗಿ ಹಾಡಲು ಶುರು ಮಾಡಿದರು. ವಯಸ್ಸಾಗಿದೆ, ಉಸಿರು ಸಾಲುವುದಿಲ್ಲ. ಆದರೂ ಎತ್ತರದ ದನಿಯಲ್ಲೇ ಎತ್ತಿಕೊಂಡರು. ಅಂಗಡಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಕೇಳುತ್ತಿದ್ದರು. ಎರಡನೇ ಸಾಲು ಮುಗಿದಿರಲಿಲ್ಲ. ನಿಮ್ಮವರು ಒಂದು ಮಾತೂ ಹೇಳದೆ ಕರೆಯನ್ನು ಹೋಲ್ಡ್‌ಗೆ ಹಾಕಿದರು. ಫೋನಿನಿಂದ ನಿಮ್ಮ ಕಂಪನಿಯ ಮ್ಯೂಸಿಕ್ ಬರತೊಡಗಿತು. ದೊಡ್ಡಪ್ಪನಿಗೆ ಅದೇನು ಅಂತ ತಿಳಿಯಲಿಲ್ಲ. ಅದರ ಮೇಲೆಯೇ ಸ್ವಲ್ಪ ಹೊತ್ತು ಹಾಡಿದರು. ಆಮೇಲೆ ನನ್ನ ಮುಖ ನೋಡಿ, "ನಿಲ್ಲಿಸ್ಲಾ?" ಎಂದು ಕೇಳಿದರು.

ವಾಪಸ್ ಬಂದ ನಿಮ್ಮವರು ಹೇಳಿದ್ದು, "ಮೇಡಂ, ಹಾಡೋದೆಲ್ಲ ಪ್ರೂಫ್ ಆಗಲ್ಲ. ನಿಮ್ಮ ರಿಕವರಿ ಕೀ ಹೇಳಿ. ನಮ್ಮ ಟೀಮ್ ಓಪನ್ ಮಾಡಿ ನೋಡತ್ತೆ."

ರಿಕವರಿ ಕೀ ಅಂದರೆ ನನ್ನ ಇಡೀ ಖಾತೆಯನ್ನು ತೆರೆಯುವ ಕೀ. ಕೊಡುವುದಿಲ್ಲ ಎಂದೆ. ಆಗ ಬಂದ ಮಾತು ಇದು: "ಕೊಡಲ್ಲ ಅಂದ್ರೆ ಒಳಗೆ ಏನೋ ಇದೆ ಅಂತ ತಾನೇ? ಪೈರಸಿ ಮಾಡೋರೆಲ್ಲ ಹೀಗೇ ಹೇಳ್ತಾರೆ."

ಇಡೀ ಅಂಗಡಿ ಕೇಳಿಸಿಕೊಂಡಿತು. ನನ್ನ ಹತ್ತಿರ ಆಧಾರ್ ಕೊಟ್ಟು ನಿಂತಿದ್ದವರು ಕೇಳಿಸಿಕೊಂಡರು. ದೊಡ್ಡಪ್ಪ ತರಿಸಿದ್ದ ಚಹಾ ಕುಡಿಯಲಿಲ್ಲ. "ನಮ್ಮ ಹಾಡಿಂದ ನಿನಗೆ ತೊಂದರೆ ಆಯ್ತಲ್ಲ ಮಗಾ" ಎಂದು ಹೇಳಿ ಛತ್ರಿ ಬಿಡಿಸಿಕೊಂಡು ಹೊರಟುಬಿಟ್ಟರು. ಅವತ್ತಿನಿಂದ ಹಾಡು ಅಂದರೆ ಬೇರೆ ಮಾತು ತೆಗೆಯುತ್ತಾರೆ. ಇದಕ್ಕೆ ನಿಮ್ಮ ಹತ್ತಿರ ಯಾವ ಫಾರಂ ಇದೆ ಹೇಳಿ, ತುಂಬಿ ಕಳಿಸುತ್ತೇನೆ.

ಪೈರಸಿ ಅನ್ನುವುದು ಸಣ್ಣ ಮಾತಲ್ಲ. 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಅದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಇದೆ. ಮೆಮೊರಿ ಕಾರ್ಡಿಗೆ ಸಿನಿಮಾ ಹಾಕಿಕೊಡಿ ಅಂತ ಬಂದವರನ್ನು ನಾನು ವಾಪಸ್ ಕಳಿಸಿದ್ದೇನೆ. ಸಿನಿಮಾ, ಹಾಡು ಮಾಡಿದವರ ದುಡಿಮೆ ಕದಿಯುವುದು ತಪ್ಪು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದೇ ಕಾಯ್ದೆ ನನ್ನಂಥವಳ ಪರವಾಗಿಯೂ ಇದೆ. ತಲೆಮಾರುಗಳಿಂದ ಬಂದ ಹಾಡನ್ನು ಯಾವ ಸಂಸ್ಥೆಯೂ ತನ್ನದು ಎನ್ನಲು ಬರುವುದಿಲ್ಲ. ಅವರು ಸ್ಟುಡಿಯೋದಲ್ಲಿ ಮಾಡಿದ ರೆಕಾರ್ಡಿಂಗ್ ಅವರದ್ದು, ನಾನು ಮಾಡಿದ ರೆಕಾರ್ಡಿಂಗ್ ನನ್ನದು. ಹಾಡಿನ ಹೆಸರು ಒಂದೇ ಆದ ಮಾತ್ರಕ್ಕೆ ನನ್ನದು ಅವರದ್ದರ ನಕಲು ಆಗುತ್ತದೆಯೇ?

ನಿಮ್ಮ ಷರತ್ತುಗಳಲ್ಲೇ ಭಾರತದ ಕಾನೂನು ಪಾಲಿಸುತ್ತೇವೆ ಎಂದಿದೆ. ಹಾಗಾಗಿ 2013ರ ಕಾಪಿರೈಟ್ ನಿಯಮಗಳ 75ನೇ ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಲೇಬೇಕು. ದೂರು ಕೊಡುವವರು ಕೃತಿ ತಮ್ಮದು ಎಂಬುದಕ್ಕೆ ವಿವರ ಕೊಡಬೇಕು. ಎಲ್ಲಿದೆ ಎಂದು ತೋರಿಸಬೇಕು. ಕೋರ್ಟಿಗೆ ಹೋಗಿ 21 ದಿನದೊಳಗೆ ಆದೇಶ ತರುತ್ತೇವೆ ಎಂದು ಬರೆದುಕೊಡಬೇಕು. ಆ ವಿವರಗಳು ನಿಮಗೆ ಸರಿಯೆನಿಸಿದರೆ 36 ಗಂಟೆಯೊಳಗೆ ಆ ನಕಲಿಗೆ ದಾರಿ ಮುಚ್ಚಬೇಕು. 21 ದಿನದಲ್ಲಿ ಆದೇಶ ಬರದಿದ್ದರೆ ಮತ್ತೆ ತೆರೆಯಬಹುದು. ನಿಯಮ ಇರುವುದು ದೂರು ಬಂದ ಆ ಒಂದು ನಕಲಿನ ಬಗ್ಗೆ. ಖಾತೆಯ ಬಗ್ಗೆ ಅಲ್ಲ. ಒಂದು ಮನೆಯ ಮೇಲೆ ದೂರು ಬಂತು ಅಂತ ಇಡೀ ಕೇರಿಗೆ ಬೀಗ ಜಡಿದ ಹಾಗೆ ಮಾಡಿದ್ದೀರಿ. 21 ದಿನ ಯಾವತ್ತೋ ಕಳೆದಿದೆ. ಕೋರ್ಟ್ ಆದೇಶ ಇದೆಯೇ ಎಂದು ಕೇಳಿದರೆ ಉತ್ತರವಿಲ್ಲ.

ಇನ್ನೂ ಒಂದು ವಿಷಯ. ನಿಮ್ಮಂಥ ಸೇವೆಯಲ್ಲಿ ಶೇರ್ ಮಾಡಿದ ಲಿಂಕಿನ ಕೊನೆಗೆ, ಹ್ಯಾಶ್ (#) ಗುರುತಿನ ಆಚೆಗೆ, ಕೀ ಇರುತ್ತದೆ. ಬ್ರೌಸರ್ ಆ ಭಾಗವನ್ನು ಸರ್ವರ್‌ಗೆ ಕಳಿಸುವುದಿಲ್ಲ. ಆದರೆ ಪೂರ್ತಿ ಲಿಂಕ್ ಕೈಯಲ್ಲಿದ್ದವರು ಆ ಫೋಲ್ಡರ್ ತೆರೆಯಬಹುದು. ದೂರು ಕೊಟ್ಟವರು ನಿಮಗೆ ಪೂರ್ತಿ ಲಿಂಕ್ ಕೊಟ್ಟಿದ್ದರೆ ನೀವೂ ಒತ್ತಿ, ಹಾಡು ಹಾಕಿ, ಅವರ ರೆಕಾರ್ಡಿಂಗ್ ಪಕ್ಕದಲ್ಲಿಟ್ಟು ಕೇಳಬಹುದಿತ್ತು. ನಮ್ಮದರಲ್ಲಿ ನಾಯಿ ಬೊಗಳುತ್ತದೆ, ಯಾರೋ 'ಎಣ್ಣೆ ತನ್ನಿ' ಅಂತ ಕೂಗುತ್ತಾರೆ. ಸ್ಟುಡಿಯೋ ಹಾಡಲ್ಲ ಅಂತ ಮಗುವಿಗೂ ತಿಳಿಯುತ್ತದೆ. ಪೂರ್ತಿ ಲಿಂಕ್ ಕೊಟ್ಟಿರಲಿಲ್ಲ ಅಂದರೆ ಯಾವ ಆಧಾರದ ಮೇಲೆ ಖಚಿತ ಅಂದಿರಿ? ಕೇಳಬಹುದಾಗಿದ್ದ ಒಂದು ಫೋಲ್ಡರನ್ನು ಕೇಳಲಿಲ್ಲ. ನೋಡಲಾಗದ, ಯಾರೂ ದೂರು ಕೊಡದ ಉಳಿದ ಎಲ್ಲವನ್ನೂ ಮುಚ್ಚಿದಿರಿ. ನನ್ನ ದೂರಿನ ಮುಖ್ಯ ಅಂಶ ಇದೇ.

ಎನ್‌ಕ್ರಿಪ್ಶನ್ ಸಡಿಲ ಮಾಡಿ, ಎಲ್ಲರ ಫೈಲು ತೆರೆದು ನೋಡಿ ಅಂತ ನಾನು ಕೇಳುತ್ತಿಲ್ಲ. ಅದು ಹಾಗೇ ಗಟ್ಟಿಯಾಗಿ ಇರಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಕೇಸು ಹಾಕಿದ ಕೆ. ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಅಂಥ ಹಕ್ಕನ್ನು ಮಾರಿ ದುಡ್ಡು ಮಾಡುವ ಕಂಪನಿಯ ಸಿಬ್ಬಂದಿಯೇ ಫೋನಿನಲ್ಲಿ ರಿಕವರಿ ಕೀ ಕೇಳುತ್ತಾರೆ ಅಂದರೆ ಏನು ಹೇಳುವುದು? 'ಈ ಕೀಯನ್ನು ಯಾರಿಗೂ ಕೊಡಬೇಡಿ, ನಮಗೂ ಕೊಡಬೇಡಿ' ಎಂದು ಖಾತೆ ತೆರೆದ ದಿನ ನೀವೇ ಕೆಂಪಕ್ಷರದಲ್ಲಿ ತೋರಿಸಿದ್ದಿರಿ. ಅವತ್ತು ಹೆದರಿ ಹೇಳಿಬಿಟ್ಟಿದ್ದರೆ ಊರಿನವರ ಕಾಗದಗಳೆಲ್ಲ ನಿಮ್ಮವರ ಕೈಯಲ್ಲಿರುತ್ತಿದ್ದವು.

2012ರ ಜನವರಿಯಲ್ಲಿ ಅಮೆರಿಕದ ಸರ್ಕಾರ ಮೆಗಾಅಪ್‌ಲೋಡ್ ಎಂಬ ಫೈಲು ಇಡುವ ಸೈಟನ್ನು ಮುಚ್ಚಿಸಿದಾಗ ಪೈರಸಿಗೆ ಸಂಬಂಧವೇ ಇಲ್ಲದವರೂ ತಮ್ಮ ಸ್ವಂತ ಫೈಲು ಕಳೆದುಕೊಂಡರು. ಅಲ್ಲಿ ಕೊನೆಪಕ್ಷ ಒಂದು ಸರ್ಕಾರ, ಒಂದು ಕೇಸು ಇತ್ತು. ಇಲ್ಲಿ ಒಂದು ಮೇಲ್ ಸಾಕಾಯಿತು, ಅಲ್ವಾ?

ನನಗೆ ಬೇಕಾದದ್ದು ಇಷ್ಟು. ಖಾತೆ ತೆರೆಯಬೇಕು, ಹಾಡಿನ ಫೋಲ್ಡರ್ ಸಮೇತ. ದೂರಿನ ಪ್ರತಿ ಕೊಡಬೇಕು. ಕೀ ಕೇಳಿದ್ದು ಯಾರ ಆದೇಶದ ಮೇಲೆ ಎಂದು ತಿಳಿಸಬೇಕು. ಮತ್ತು ನಮ್ಮ ದೊಡ್ಡಪ್ಪನಿಗೆ ಕನ್ನಡದಲ್ಲಿ, ಸಹಿ ಹಾಕಿದ ಕ್ಷಮಾಪಣೆ ಪತ್ರ ಬರಬೇಕು. ಮೇಲ್ ಅಲ್ಲ, ಅಂಚೆಯಲ್ಲಿ. ಅವರು ಅದನ್ನು ಕೈಯಲ್ಲಿ ಹಿಡಿದು ಓದಬೇಕು.

2021ರ ಐಟಿ ನಿಯಮಗಳ ಪ್ರಕಾರ ಈ ದೂರು ತಲುಪಿದೆ ಎಂದು ನೀವು 24 ಗಂಟೆಯೊಳಗೆ ತಿಳಿಸಬೇಕು. ನಿಮ್ಮ ತೀರ್ಮಾನ 'ಅಂತಿಮ' ಅಲ್ಲ. ಅದರ ಮೇಲೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಲು ಅವಕಾಶವಿದೆ, ಹೋಗುತ್ತೇನೆ. ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗದಲ್ಲೂ ಕೇಸು ಹಾಕುತ್ತೇನೆ. ಗ್ರಾಹಕ ತಾನು ಇರುವ ಊರಿನಲ್ಲೇ ಕೇಸು ಹಾಕಬಹುದು ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ನಾನು ನಿಮಗೆ ಕಟ್ಟಿದ ಹಣ ಐದು ಲಕ್ಷದೊಳಗೇ ಇರುವುದರಿಂದ ಶುಲ್ಕವೂ ಇಲ್ಲ. ಅಂಗಡಿಗೆ ಬಳಸಿದ್ದೀರಿ, ನೀವು ಗ್ರಾಹಕರೇ ಅಲ್ಲ ಎಂದು ವಾದಿಸಲು ಬರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರನ್ನು ಆ ಕಾಯ್ದೆ ಹೊರಗಿಟ್ಟಿಲ್ಲ. ಷರತ್ತಿನಲ್ಲಿ ಆರ್ಬಿಟ್ರೇಶನ್ (ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ತೀರ್ಮಾನ) ಇದೆ ಎಂಬ ನೆಪವೂ ನಡೆಯುವುದಿಲ್ಲ, 2018ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿದೆ. ದೂರು ಕೊಟ್ಟ ಸಂಸ್ಥೆಗೂ ಹೇಳಿಬಿಡಿ: ಆಧಾರವಿಲ್ಲದೆ ಬೆದರಿಸುವವರ ಮೇಲೆ ದಾವೆ ಹಾಕಲು ಕಾಪಿರೈಟ್ ಕಾಯ್ದೆಯ 60ನೇ ಸೆಕ್ಷನ್ ಇದೆ. ಅವರ ಹೆಸರನ್ನು ನೀವು ಬಚ್ಚಿಟ್ಟರೂ ಆಯೋಗದ ಮುಂದೆ ಬಾಯಿ ಬಿಡಬೇಕಾಗುತ್ತದೆ.

ಆ ಫೋನ್ ಕರೆಯ ರೆಕಾರ್ಡಿಂಗ್ ಅಳಿಸಬೇಡಿ. ಅದನ್ನು ಆಯೋಗದಲ್ಲಿ ಹಾಜರುಪಡಿಸಿ ಎಂದು ಮೊದಲ ದಿನವೇ ಅರ್ಜಿ ಹಾಕುತ್ತೇನೆ. ಅಳಿಸಿದ್ದೀರಿ ಎಂದು ಗೊತ್ತಾದರೆ ಅದನ್ನೂ ಕೇಸಿಗೆ ಸೇರಿಸುತ್ತೇನೆ. ಅವತ್ತು ಅಂಗಡಿಯಲ್ಲಿದ್ದವರು ಸಾಕ್ಷಿ ಹೇಳಲು ತಯಾರಿದ್ದಾರೆ.

ಇಂತಿ,
ನಿಮ್ಮ ಗ್ರಾಹಕಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ